ಡಿಸ್ಕ್ ಬ್ರೇಕಿಗೆ ಎಣ್ಣೆ ಬೇಡ

ನಿಮ್ಮ ಮಗ ಸೈಕಲ್ ತೊಳೆದು ಚೈನಿಗೆ ಎಣ್ಣೆ ಬಿಡುವಾಗ ಒಮ್ಮೆ ಹತ್ತಿರ ಹೋಗಿ ನೋಡಿ. ಬ್ರೇಕ್ ಕಿರುಗುಟ್ಟುತ್ತದೆಂದು ಅದಕ್ಕೂ ಎರಡು ಹನಿ ಬಿಡುತ್ತಿದ್ದಾನೆಯೇ? ಕೂಡಲೇ ತಡೆಯಿರಿ.

2006-07ರಲ್ಲಿ ಆರಂಭವಾದ ಸರಕಾರದ ಯೋಜನೆಯಡಿ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್‌ಗಳಲ್ಲಿ ಬ್ರೇಕಿನ ರಬ್ಬರ್ ಚಕ್ರದ ರಿಮ್ಮನ್ನೇ ಹಿಡಿಯುತ್ತಿತ್ತು. ಈಗ ಹುಡುಗರು ಹಠ ಹಿಡಿದು ಕೊಳ್ಳುವ ಮೌಂಟೇನ್ ಬೈಕ್‌ಗಳಲ್ಲಿ ಚಕ್ರದ ನಡುವೆ ತೆಳ್ಳನೆಯ ಉಕ್ಕಿನ ತಟ್ಟೆಯಿದೆ. ಅದನ್ನು ಎರಡು ಪ್ಯಾಡ್‌ಗಳು ಇಕ್ಕೆಲದಿಂದ ಒತ್ತಿ ಹಿಡಿಯುತ್ತವೆ. ತಟ್ಟೆಗೆ ಎಣ್ಣೆ ತಗುಲಿದರೆ ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ. ಆಮೇಲೆ ಎಷ್ಟು ಬಿಗಿಯಾಗಿ ಬ್ರೇಕ್ ಹಿಡಿದರೂ ಸೈಕಲ್ ನಿಲ್ಲದು. ಬೆರಳಿನ ಜಿಡ್ಡೂ ಒಳ್ಳೆಯದಲ್ಲ; ಅಡುಗೆಮನೆಯ ಮಸಿಬಟ್ಟೆಯನ್ನಂತೂ ಕೊಡಲೇಬೇಡಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಗದ್ದೆದಾರಿಯ ಕೆಸರಾಗಲಿ, ಜಗಳೂರಿನ ಧೂಳಾಗಲಿ ಪ್ಯಾಡನ್ನು ಬೇಗ ಸವೆಸುತ್ತದೆ. ಸೈಕಲನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ನಂತರ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಶುಭ್ರ ಬಟ್ಟೆಯಿಂದ ತಟ್ಟೆ ಒರೆಸಲಿ, ಒಲೆಯಿಂದ ದೂರ ಕುಳಿತು. 2020ರ ಕೊರೋನಾ ಕಾಲದಿಂದ ಮನೆಮನೆಯಲ್ಲೂ ಇರುವ ಸ್ಯಾನಿಟೈಸರ್ ಇದಕ್ಕೆ ಆಗದು. ಹೆಚ್ಚಿನವುಗಳಲ್ಲಿ ಗ್ಲಿಸರಿನ್ ಇರುತ್ತದೆ, ಅದೂ ಜಿಡ್ಡೇ. ಇಳಿಜಾರು ಇಳಿದು ಬಂದ ಕೂಡಲೇ ತಟ್ಟೆ ಮುಟ್ಟಬಾರದು, ಕೈ ಸುಡುತ್ತದೆ. ಚಕ್ರ ತಿರುಗುತ್ತಿರುವಾಗ ಅದರ ಬಳಿ ಬೆರಳು ಒಯ್ಯಲೇಬಾರದು.

ಪ್ಯಾಡಿನ ಲೋಹದ ಹಾಳೆಯ ಮೇಲಿನ ಪದರ 1 ಮಿಲಿಮೀಟರಿಗಿಂತ ತೆಳುವಾದರೆ ಹೊಸದು ಹಾಕಿಸಿ. ಎಣ್ಣೆ ಕುಡಿದ ಪ್ಯಾಡನ್ನು ಉಜ್ಜಿ ಉಳಿಸುವ ಆಸೆ ಬೇಡ, ಜೋಡಿಯನ್ನೇ ಬದಲಿಸಿ. ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಖಾಲಿ ಬಯಲಿನಲ್ಲಿ ಇಪ್ಪತ್ತು ಬಾರಿಯಾದರೂ ಮೆಲ್ಲನೆ ಬ್ರೇಕ್ ಹಿಡಿದು ಪಳಗಿಸಿದ ಮೇಲೆ ರಸ್ತೆಗೆ ಕಳಿಸಿ.