ತಂಡ ಮೊದಲು, ರಂಗಮಂದಿರ ಆಮೇಲೆ

ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ನಾಟಕಕ್ಕೆ ಏನು ಬೇಕು ಎಂದು ಕೇಳಿದರೆ ಮೊದಲು ಬರುವ ಉತ್ತರ: ಒಳ್ಳೆಯ ರಂಗಮಂದಿರ. ಬೇಡಿಕೆ ನ್ಯಾಯವಾದದ್ದೇ. ಆದರೆ ಬಹುಕಾಲ ಬಾಳಿದ ರಂಗಸಂಸ್ಥೆಗಳ ಚರಿತ್ರೆಯಲ್ಲಿ ಕಟ್ಟಡ ಎರಡನೆಯದಾಗಿ ಬರುತ್ತದೆ. ಪ್ಯಾರಿಸ್ಸಿನ ಕಾಮೆದಿ ಫ್ರಾನ್ಸೇಸ್ ಹುಟ್ಟಿದ್ದು 1680ರಲ್ಲಿ, ಹದಿನಾಲ್ಕನೆಯ ಲೂಯಿ ಆ ನಗರದ ಎರಡು ನಾಟಕ ತಂಡಗಳನ್ನು ಕೂಡಿಸಿದಾಗ. ಅದು ಈಗಿನ ರಿಶಲ್ಯೂ ರಂಗಮಂದಿರಕ್ಕೆ ಬಂದದ್ದು 1799ರಲ್ಲಿ. ನಡುವೆ ಒಂದು ಶತಮಾನಕ್ಕೂ ಮಿಕ್ಕಿ ತಂಡ ಮನೆಯಿಂದ ಮನೆಗೆ ಹೋಗುತ್ತಿತ್ತು. ಒಮ್ಮೆ ಅರಮನೆಯೊಳಗೂ ಆಡಿತು. 1900ರ ಮಾರ್ಚಿನಲ್ಲಿ ರಿಶಲ್ಯೂ ರಂಗಮಂದಿರಕ್ಕೆ ಬೆಂಕಿ ಬಿದ್ದಾಗಲೂ ತಂಡ ಚದುರಲಿಲ್ಲ, ಬೇರೆ ಕಡೆ ಆಟ ನಡೆಸಿ ವರ್ಷ ತುಂಬುವ ಮೊದಲೇ ಹಿಂದಿರುಗಿತು.

ಇಷ್ಟು ಗಟ್ಟಿತನ ಬಂದದ್ದು ಹಣ ಹಂಚಿಕೊಳ್ಳುವ ಪದ್ಧತಿಯಿಂದ ಎಂಬುದು ನನ್ನ ತೀರ್ಮಾನ. ಕೂಡಿಸಿದ ಆ ಎರಡು ತಂಡಗಳಲ್ಲೊಂದರ ಮೂಲವಾದ, ನಾಟಕಕಾರ ಮೋಲಿಯೇರನ ತಂಡದ ನಟ ಲಾ ಗ್ರಾಂಜ್ ಬರೆದಿಟ್ಟ ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ. ಯಾವ ದಿನ ಯಾವ ನಾಟಕ, ಬಾಗಿಲಲ್ಲಿ ಬಿದ್ದ ಹಣ ಎಷ್ಟು, ಒಬ್ಬೊಬ್ಬರ ಪಾಲಿಗೆ ಎಷ್ಟು ಎಂಬುದು ಅದರಲ್ಲಿದೆ. 1673ರ ಫೆಬ್ರವರಿ 17ರಂದು ಮೋಲಿಯೇರ್ ರೋಗ ಕಲ್ಪಿಸಿಕೊಳ್ಳುವವನ ಪಾತ್ರವನ್ನು ನಿಜವಾದ ಕಾಯಿಲೆಯಲ್ಲೇ ಆಡಿ ಮುಗಿಸಿ ಅದೇ ರಾತ್ರಿ ತೀರಿಕೊಂಡ. ಅವನು ಕೂತಿದ್ದ ಕುರ್ಚಿಯನ್ನು ಸಂಸ್ಥೆ ಇಂದಿಗೂ ಕಾಪಾಡಿದೆ. ಒಂದು ವಾರಕ್ಕೆ ತಂಡ ಮತ್ತೆ ರಂಗಕ್ಕೇರಿತು. ಯಜಮಾನ ಹೋದರೂ ಪಾಲುದಾರರು ಇದ್ದರು.

ರಾಜನ ಹಣವಿದ್ದರೆ ಯಾರು ತಾನೇ ಬಾಳುವುದಿಲ್ಲ ಎಂಬ ಆಕ್ಷೇಪವಿದೆ. ರಾಜಾಶ್ರಯ ದೊಡ್ಡದೇ, ಅಲ್ಲಗಳೆಯಲಾಗದು. ಆದರೆ ಫ್ರಾನ್ಸಿನ ಕ್ರಾಂತಿಯಲ್ಲಿ ರಾಜ ಹೋದ, ತಂಡ ಒಡೆಯಿತು, 1793ರಲ್ಲಿ ನಟರು ಸೆರೆಮನೆ ಸೇರಿದರು. ಆದರೂ 1799ರಲ್ಲಿ ಒಂದಾದರು. ಇನ್ನೂ ಹತ್ತಿರದ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಶುರುವಾದದ್ದು 1949ರಲ್ಲಿ, ಅಡಿಕೆ ತೋಟಗಳ ನಡುವಿನ ಹಳ್ಳಿಯವರ ಹವ್ಯಾಸಿ ಕೂಟವಾಗಿ. ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ, ರಂಗಶಿಕ್ಷಣ ಕೇಂದ್ರ 1980ರಲ್ಲಿ, ಊರೂರು ಸುತ್ತಿ ಆಡುವ ತಂಡ ತಿರುಗಾಟ 1985ರಲ್ಲಿ. ಇದನ್ನು ಕಟ್ಟಿದ ಕೆ. ವಿ. ಸುಬ್ಬಣ್ಣನವರ ಬೆನ್ನಿಗೆ ಯಾವ ರಾಜನೂ ಇರಲಿಲ್ಲ. ಆಡುವವರೂ ನೋಡುವವರೂ ಇದ್ದರು.

ಹಾಗಾದರೆ ತಂಡಗಳೇ ಆಗಿದ್ದ ಕಂಪನಿ ನಾಟಕಗಳು ಏಕೆ ಸೊರಗಿದವು? 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಊರೂರಲ್ಲಿ ಆಡಿ ಮನೆಮಾತಾಗಿತ್ತು. ಸಿನಿಮಾದ ಹೊಡೆತ ನಿಜ, ಆದರೆ ಅದೊಂದನ್ನೇ ದೂರುವುದು ಸಾಲದು. ಹೆಚ್ಚಿನ ಕಂಪನಿಗಳಲ್ಲಿ ಲಾಭನಷ್ಟ ಎರಡೂ ಒಬ್ಬ ಮಾಲೀಕರ ಹೆಗಲ ಮೇಲಿತ್ತು. ಅವರು ಬಳಲಿದಾಗ ನಟರು ಬೇರೆ ದಾರಿ ಹಿಡಿದರು. ಹಾಗಾಗಿ ತಂಡವೆಂದರೆ ಜನ ಸೇರುವುದಷ್ಟೇ ಅಲ್ಲ, ಹಣದಲ್ಲೂ ತೀರ್ಮಾನದಲ್ಲೂ ಅವರಿಗೆ ಪಾಲಿರಬೇಕು.

1989ರಲ್ಲಿ ಬಿ. ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ನಾಟಕ ತಂಡ ರಂಗಾಯಣದ ದಾರಿಯಲ್ಲಿ ಶಿವಮೊಗ್ಗಕ್ಕೂ ರಂಗಾಯಣ ಬಂದಿದೆ. ಭದ್ರಾವತಿಯಂಥ ಕಾರ್ಖಾನೆ ಊರಿಗೆ ಹೊಸ ರಂಗಮಂದಿರದ ಅಂದಾಜುಪಟ್ಟಿ ಸಿದ್ಧಪಡಿಸುವವರು ಸಿಮೆಂಟು, ಕುರ್ಚಿ, ದೀಪಗಳ ಸಾಲಿಗಿಂತ ಮೇಲೆ, ಹತ್ತು ಹದಿನೈದು ನಟರು ವರ್ಷವಿಡೀ ತಾಲೀಮು ಮಾಡುವ ಖರ್ಚನ್ನು ಬರೆದುಕೊಳ್ಳಲಿ.