ಬೆಂಕಿ ರೋಗದ ಶಿಲೀಂಧ್ರವನ್ನು ಭತ್ತ ಗುರುತಿಸುವ ಬಗೆ

ಭತ್ತದ ಎಲೆಯ ಮೇಲೆ ಅಂಚು ಕಂದಾಗಿ, ನಡು ಬೂದಾಗಿ, ಎರಡೂ ತುದಿ ಚೂಪಾದ ಮಚ್ಚೆಗಳು ಮೂಡಿದರೆ ಅದು ಬೆಂಕಿ ರೋಗ. ಇದಕ್ಕೆ ಕಾರಣ ಮ್ಯಾಗ್ನಪೋರ್ತೆ ಒರೈಜೆ ಎಂಬ ಶಿಲೀಂಧ್ರ. ರಾಗಿಯನ್ನು ಕಾಡುವ ಬೆಂಕಿ ರೋಗವೂ ಇದೇ ಶಿಲೀಂಧ್ರದ ಇನ್ನೊಂದು ಬಳಗದಿಂದ ಬರುತ್ತದೆ. ಗಾಳಿಯಲ್ಲಿ ಬಂದ ಬೀಜಕ ಒದ್ದೆ ಎಲೆಗೆ ಅಂಟಿ ಮೊಳೆಯುತ್ತದೆ. ಮೊಳಕೆಯ ತುದಿ ಉಬ್ಬಿ, ಅದರೊಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 80 ಪಟ್ಟಿನವರೆಗೆ ಏರುತ್ತದೆ. ಎಲೆಯ ಹೊರಪದರ ತೂತಾಗುವುದು ಈ ಬಲಕ್ಕೆ.

ರೋಗಾಣುವನ್ನು ಹುಡುಕಿಕೊಂಡು ಓಡಾಡುವ ರಕ್ತಕಣಗಳು ಗಿಡಕ್ಕಿಲ್ಲ. ಒಂದೊಂದು ಜೀವಕೋಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಮೊದಲ ಸುಳಿವು ಸಿಗುವುದು ಕೋಶದ ಹೊರಮೈಯಲ್ಲಿ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇದೆ, ಭತ್ತದ ಕೋಶಭಿತ್ತಿಯಲ್ಲಿ ಇಲ್ಲ. ಗಿಡದ ಕಿಣ್ವಗಳು ಕೈಟಿನ್ನನ್ನು ತುಂಡರಿಸುತ್ತವೆ. ಆ ತುಂಡುಗಳನ್ನು ಹಿಡಿಯುವ 'ಸಿಇಬಿಐಪಿ' ಎಂಬ ಗ್ರಾಹಕ ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ವರದಿ ಮಾಡಿದರು. ತುಂಡು ಅಂಟಿದ ಕೆಲವೇ ನಿಮಿಷಗಳಲ್ಲಿ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಉಕ್ಕುತ್ತದೆ, ರಕ್ಷಣಾ ಜೀನುಗಳು ಚುರುಕಾಗುತ್ತವೆ.

ಶಿಲೀಂಧ್ರವೂ ಸುಮ್ಮನಿರುವುದಿಲ್ಲ. 'ಎಸ್‌ಎಲ್‌ಪಿ1' ಎಂಬ ಪ್ರೋಟೀನನ್ನು ಸ್ರವಿಸಿ, ಗ್ರಾಹಕಕ್ಕೆ ಸಿಗುವ ಮುನ್ನವೇ ಕೈಟಿನ್ ತುಂಡುಗಳನ್ನು ಹಿಡಿದುಬಿಡುತ್ತದೆ. ಇನ್ನು ಕೆಲವು ಪ್ರೋಟೀನುಗಳನ್ನು ಕೋಶದ ಒಳಕ್ಕೇ ಕಳಿಸುತ್ತದೆ. ಅಂಥದ್ದೊಂದು 'ಎವಿಆರ್-ಪಿಕ್'. ಇದು ಭತ್ತದ ಕೆಲವು ಸಣ್ಣ ಪ್ರೋಟೀನುಗಳಿಗೆ ಹೋಗಿ ಅಂಟಿಕೊಳ್ಳುತ್ತದೆ.

ಇಡೀ ವಿದ್ಯಮಾನದಲ್ಲಿ ಅತ್ಯಂತ ಬೆರಗಿನ ಭಾಗ ಇಲ್ಲಿದೆ. 'ಪಿಕ್-1' ಎಂಬ ಭತ್ತದ ಕಾವಲು ಪ್ರೋಟೀನಿನ ಮೈಯಲ್ಲೇ, ಎವಿಆರ್-ಪಿಕ್ ಅಂಟಲು ಹುಡುಕುವ ಪ್ರೋಟೀನಿನಂಥದೇ ಒಂದು ಭಾಗವಿದೆ, ಗಾಳಕ್ಕೆ ಸಿಕ್ಕಿಸಿದ ಎರೆಹುಳುವಿನ ಹಾಗೆ. ಎವಿಆರ್-ಪಿಕ್ ಅದಕ್ಕೆ ಕಚ್ಚಿಕೊಂಡಾಗ ಪಿಕ್-1 ತನ್ನ ಜೊತೆಗಾರ ಪಿಕ್-2ರೊಡನೆ ಕೂಡಿ ಎಚ್ಚರಿಕೆ ಹೊರಡಿಸುತ್ತದೆ. ಗೋಧಿಯ 'ಎಸ್‌ಆರ್35' ಎಂಬ ಕಾವಲು ಪ್ರೋಟೀನಿನಲ್ಲಿ ಮುಂದಿನ ಹೆಜ್ಜೆ 2022ರಲ್ಲಿ ಕಣ್ಣಿಗೆ ಬಿತ್ತು: ಕಾಂಡದ ತುಕ್ಕು ರೋಗದ ಪ್ರೋಟೀನು ತಗುಲಿದೊಡನೆ ಐದು ಎಸ್‌ಆರ್35ಗಳು ಬಳೆಯಾಗಿ ಕೂಡುತ್ತವೆ. ಆ ಬಳೆಯ ಮೂಲಕ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೊನೆಗೆ ಸೋಂಕು ತಗುಲಿದ ಕೋಶ ಸಾಯುತ್ತದೆ. ತುಕ್ಕು ರೋಗದ ಶಿಲೀಂಧ್ರಕ್ಕೆ ಬದುಕಿರುವ ಕೋಶವೇ ಬೇಕು, ಬೆಂಕಿ ರೋಗದ್ದಕ್ಕೂ ಆರಂಭದಲ್ಲಿ ಅದೇ ಬೇಕು. ಹಾಗಾಗಿ ಕೋಶದ ಸಾವಿನಿಂದ ಸೋಂಕು ಅಲ್ಲಿಗೇ ನಿಲ್ಲುತ್ತದೆ. ನಿರೋಧಕ ತಳಿಯ ಎಲೆಯಲ್ಲಿ ಉಳಿಯುವುದು ಸೂಜಿಮೊನೆಯಷ್ಟು ಕಂದು ಚುಕ್ಕೆ ಮಾತ್ರ.

ಗಿಡದ ಒಂದು ನಿರೋಧಕ ಜೀನಿಗೆ ಜೋಡಿಯಾಗಿ ಶಿಲೀಂಧ್ರದಲ್ಲೂ ಒಂದು ಜೀನ್ ಇರುತ್ತದೆಂದು ಅಮೆರಿಕದ ಎಚ್.ಎಚ್. ಫ್ಲೋರ್ 1940ರ ದಶಕದಲ್ಲೇ ಅಗಸೆಯ ತುಕ್ಕು ರೋಗದಿಂದ ಕಂಡುಕೊಂಡಿದ್ದರು. ಒಂದೇ ಜೀನನ್ನು ನಂಬಿದ ತಳಿ ಸೋಲುವುದೂ ಇದೇ ಕಾರಣಕ್ಕೆ. ಎವಿಆರ್-ಪಿಕ್‌ನ ಅಮೈನೋ ಆಮ್ಲಗಳಲ್ಲಿ ಸಣ್ಣ ಬದಲಾವಣೆಯಾದರೂ ಪಿಕ್-1ಕ್ಕೆ ಅದು ಸಿಗದೆ ಹೋಗಬಹುದು. ಹೀಗೆ ತಪ್ಪಿಸಿಕೊಂಡ ರೂಪಗಳಿಗಾಗಿ ಇಂಗ್ಲೆಂಡಿನ ನಾರ್ವಿಚ್‌ನ ಸಂಶೋಧಕರು ಪಿಕ್-1ರ ಆ ಭಾಗವನ್ನೇ ತೆಗೆದು, ಶಿಲೀಂಧ್ರ ಗುರಿಯಿಡುವ ನಿಜವಾದ ಭತ್ತದ ಪ್ರೋಟೀನಿನ ತುಣುಕನ್ನು ಕೂಡಿಸಿದರು. ಅವರ ಕುಲಾಂತರಿ ಭತ್ತ ಆ ರೂಪಗಳಿರುವ ಶಿಲೀಂಧ್ರವನ್ನೂ ತಡೆಯಿತೆಂದು 2023ರಲ್ಲಿ ಪ್ರಕಟವಾಯಿತು.