ನಿಮಗಿದು ಗೊತ್ತೇ? ಬುದ್ಧನ ಮುಂದೆ ಏಳು ಬಟ್ಟಲು

ಬೈಲಕುಪ್ಪೆಗೆ ಹೋದವರು ಗೋಲ್ಡನ್ ಟೆಂಪಲ್ ನೋಡದೆ ಬರುವುದಿಲ್ಲ. ಆದರೆ ಅಲ್ಲಿನ ಟಿಬೆಟನ್ನರ ಮನೆಯೊಳಗಿನ ಪೂಜಾಪೀಠ ಹೊರಗಿನವರ ಕಣ್ಣಿಗೆ ಬೀಳುವುದು ಅಪರೂಪ. ಆ ಪೀಠದ ಸುತ್ತಮುತ್ತಲ ಕೆಲವು ಸಂಗತಿಗಳು ಇಲ್ಲಿವೆ.

● ಟಿಬೆಟನ್ ಪೀಠದಲ್ಲಿ ಬುದ್ಧನ ಮೂರ್ತಿಯೊಂದೇ ಇದ್ದರೆ ಸಾಲದು. ನಡುವೆ ಮೂರ್ತಿ, ನೋಡುವವರ ಎಡಕ್ಕೆ ಒಂದು ಧರ್ಮಗ್ರಂಥ, ಬಲಕ್ಕೆ ಪುಟ್ಟ ಸ್ತೂಪ ಇರಬೇಕು. ಮೂರ್ತಿ ಬುದ್ಧನ ಕಾಯ, ಗ್ರಂಥ ಅವನ ಮಾತು, ಸ್ತೂಪ ಅವನ ಮನಸ್ಸು. ಕೊಳ್ಳುವ ಅನುಕೂಲವಿಲ್ಲದವರು ಮೂರ್ತಿಗೂ ಸ್ತೂಪಕ್ಕೂ ಬದಲಾಗಿ ಚಿತ್ರಪಟ ಇಡಬಹುದು.

● ಅಂಗಡಿಯಿಂದ ತಂದ ಲೋಹದ ಮೂರ್ತಿ ಸಾಮಾನ್ಯವಾಗಿ ಹಾಗೇ ಪೀಠ ಏರುವುದಿಲ್ಲ. ಅದರ ಟೊಳ್ಳಿನೊಳಗೆ ಮಂತ್ರ ಅಚ್ಚಾದ ಕಾಗದದ ಸುರುಳಿಗಳನ್ನು ಒತ್ತೊತ್ತಾಗಿ ತುಂಬಿ, ತಳ ಮುಚ್ಚಿ, ಲಾಮಾಗಳಿಂದ ಪ್ರತಿಷ್ಠೆ ಮಾಡಿಸುತ್ತಾರೆ.

● ಧರ್ಮಗ್ರಂಥವನ್ನು ನೆಲದ ಮೇಲೆ ಇಡುವಂತಿಲ್ಲ, ದಾಟುವಂತಿಲ್ಲ. ಅದರ ಮೇಲೆ ಕನ್ನಡಕ, ಲೋಟ ಇಡುವುದಿರಲಿ, ಜಪಮಾಲೆಯನ್ನೂ ಇಡಬಾರದು!

● ಮೂರ್ತಿಯ ಮುಂದೆ ಸಾಲಾಗಿ ಏಳು ಬಟ್ಟಲು. ಅವು ಅರ್ಘ್ಯ, ಪಾದ್ಯ, ಪುಷ್ಪ, ಧೂಪ, ದೀಪ, ಗಂಧ, ನೈವೇದ್ಯದ ಲೆಕ್ಕ. ನಮ್ಮ ಮನೆಗಳ ಪೂಜೆಯ ಉಪಚಾರಗಳೇ ಅಲ್ಲಿಯೂ ಇವೆ. ಎಂಟನೆಯ ಅರ್ಪಣೆ ಸಂಗೀತ. ನಾದ ಕಣ್ಣಿಗೆ ಕಾಣದ್ದರಿಂದ ಅದಕ್ಕೆ ಬಟ್ಟಲಿಲ್ಲ.

● ನಿತ್ಯಪೂಜೆಯಲ್ಲಿ ಏಳೂ ಬಟ್ಟಲಿಗೆ ಬರೀ ನೀರು ತುಂಬಿದರೆ ಸಾಕು. 1042ರಲ್ಲಿ ಟಿಬೆಟ್‌ಗೆ ಹೋದ ಬಂಗಾಳದ ಪಂಡಿತ ಅತೀಶ ಅಲ್ಲಿನ ನೀರಿನ ರುಚಿಗೆ ಮಾರುಹೋಗಿ, ಇದೊಂದನ್ನೇ ಅರ್ಪಿಸಿದರೂ ಆದೀತು ಎಂದನಂತೆ. ನೀರಿಗೆ ದುಡ್ಡು ಕೊಡಬೇಕಿರಲಿಲ್ಲ. ಹಾಗಾಗಿ ಬಡವ ಜಿಪುಣತನ ಮಾಡಬೇಕಿಲ್ಲ, ಶ್ರೀಮಂತ ಜಂಬ ಪಡುವಂತಿಲ್ಲ. ಕೈಬಿಚ್ಚಿ ಕೊಡುವ ಅಭ್ಯಾಸವಾಗಲಿ ಎಂಬುದೇ ಈ ಅರ್ಪಣೆಯ ಉದ್ದೇಶ. ಬುದ್ಧನಿಗೆ ಬಾಯಾರಿಕೆಯೇನೂ ಇಲ್ಲ.

● ಎರಡು ಬಟ್ಟಲುಗಳ ನಡುವಿನ ಅಂತರ ಒಂದು ಬಾರ್ಲಿ ಕಾಳಿನಷ್ಟು. ತೀರಾ ದೂರವಿಟ್ಟರೆ ಗುರುವಿನಿಂದ ದೂರವಾಗುತ್ತೇವೆ ಎಂಬ ನಂಬಿಕೆ. ನೀರು ತುಂಬುವುದೂ ಅಂಚಿಗಿಂತ ಒಂದು ಕಾಳಿನಷ್ಟು ಕೆಳಗಿನವರೆಗೆ. ತುಳುಕಿಸುವಂತಿಲ್ಲ.

● ಬೆಳಿಗ್ಗೆ ನೀರು ತುಂಬುವುದು ಎಡದಿಂದ ಬಲಕ್ಕೆ, ಸಂಜೆ ತೆಗೆಯುವುದು ಬಲದಿಂದ ಎಡಕ್ಕೆ. ಖಾಲಿ ಬಟ್ಟಲನ್ನು ಬಾಯಿ ಮೇಲಾಗಿ ಬಿಡಬಾರದು. ಒರೆಸಿ ಬೋರಲು ಹಾಕಬೇಕು. ತೆಗೆದ ನೀರು ಗಿಡಗಳ ಪಾಲು, ಬಚ್ಚಲಿಗಲ್ಲ.

● ದೀಪಕ್ಕೆ ಟಿಬೆಟ್‌ನಲ್ಲಿ ಯಾಕ್ ಬೆಣ್ಣೆ ಬಳಸುತ್ತಿದ್ದರು. ಯಾಕ್ ಬಾಳದ ಕರ್ನಾಟಕದ ಬಿಸಿಲಲ್ಲಿ ಆ ಜಾಗಕ್ಕೆ ವನಸ್ಪತಿ ಬಂದಿದೆ. ಬೆಂಕಿಯ ಭಯವಿರುವ ಮನೆಗಳಲ್ಲಿ ವಿದ್ಯುತ್ ದೀಪವೂ ನಡೆಯುತ್ತದೆ.

● ಮಲಗುವ ಕೋಣೆಯಲ್ಲೇ ಪೀಠವಿದ್ದರೆ? ತಪ್ಪೇನಿಲ್ಲ. ಕಾಲು ಮಾತ್ರ ಅದರ ಕಡೆ ಚಾಚುವಂತಿಲ್ಲ.

● ಹೊಸ ವರ್ಷವಾದ ಲೋಸಾರ್‌ಗೆ ಪೀಠದ ಮೇಲೆ ಮೊಳಕೆ ಬಂದ ಹಸಿರು ಪೈರು, ಕರಿದ ತಿಂಡಿ 'ಖಾಪ್ಸೆ'ಯ ಗೋಪುರ, ಬಾರ್ಲಿ ಹಿಟ್ಟು ತುಂಬಿದ 'ಛೆಮಾರ್' ಪೆಟ್ಟಿಗೆ ಬರುತ್ತವೆ. ಇದು ಸಾಮಾನ್ಯವಾಗಿ ಫೆಬ್ರವರಿ ಇಲ್ಲವೇ ಮಾರ್ಚ್‌ನಲ್ಲಿ ಬರುವ ಹಬ್ಬ.

● ಬೈಲಕುಪ್ಪೆ, ಮುಂಡಗೋಡಗಳ ಪೀಠಗಳಲ್ಲಿ ದಲೈ ಲಾಮಾ ಅವರ ಭಾವಚಿತ್ರ ಮಾಮೂಲು. ಟಿಬೆಟ್‌ನಲ್ಲಿ ಅದೇ ಚಿತ್ರಕ್ಕೆ 1990ರ ದಶಕದ ಮಧ್ಯಭಾಗದಿಂದ ಚೀನಾದ ನಿಷೇಧ!

● ಮನೆಮನೆಯಲ್ಲೂ ಬುದ್ಧನ ಪೀಠ ಇರಲಿ ಎಂದು ರಾಜಾಜ್ಞೆ ಹೊರಟಿದ್ದು ಜಪಾನಿನಲ್ಲಿ, 685ರಲ್ಲಿ, ತೆನ್ಮು ಚಕ್ರವರ್ತಿಯಿಂದ. ಅಲ್ಲಿನ 'ಬುತ್ಸುದಾನ್' ಬಾಗಿಲಿರುವ ಕಪಾಟು. ಹಲವು ಪಂಥಗಳಲ್ಲಿ ಬುದ್ಧನ ಜೊತೆಗೆ ತೀರಿಹೋದ ಹಿರಿಯರ ನಾಮಫಲಕಗಳೂ ಅದರಲ್ಲಿರುತ್ತವೆ. ಬೆಳಿಗ್ಗೆ ಮಾಡಿದ ಅನ್ನದ ಮೊದಲ ತುತ್ತು ಅಲ್ಲಿಗೆ.

● ಥಾಯ್ಲೆಂಡಿನಲ್ಲಿ ಹುಟ್ಟಿದ ವಾರಕ್ಕೊಂದು ಬುದ್ಧ. ಮಂಗಳವಾರದವರಿಗೆ ಮಲಗಿದ ಬುದ್ಧ, ಶನಿವಾರದವರಿಗೆ ನಾಗನ ಹೆಡೆಯಡಿಯ ಬುದ್ಧ. ವಾರ ಏಳಾದರೂ ಭಂಗಿ ಎಂಟು. ಬುಧವಾರಕ್ಕೆ ಹಗಲಿಗೊಂದು, ರಾತ್ರಿಗೊಂದು.

● 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದರು. ಅವರ ಹಾದಿ ಹಿಡಿದವರ ಮನೆಗಳಲ್ಲಿ ಬುದ್ಧನ ಪಕ್ಕದಲ್ಲೇ ಬಾಬಾಸಾಹೇಬರ ಚಿತ್ರ ಇರುತ್ತದೆ. ಮೇಣದಬತ್ತಿ ಹಚ್ಚಿ ತ್ರಿಶರಣ, ಪಂಚಶೀಲ ಹೇಳುತ್ತಾರೆ, ವರ ಬೇಡುವುದಿಲ್ಲ. ಬುದ್ಧ ವಿಷ್ಣುವಿನ ಅವತಾರವೆಂದು ನಂಬುವುದಿಲ್ಲ ಎಂಬುದು ಅಂಬೇಡ್ಕರ್ ಬೋಧಿಸಿದ 22 ಪ್ರತಿಜ್ಞೆಗಳಲ್ಲೊಂದು.

● ಬುದ್ಧನಿಲ್ಲದ ಬುದ್ಧಪೂಜೆಯೂ ಇತ್ತು. ಮೊದಲ ಶತಮಾನಗಳ ಶಿಲ್ಪಿಗಳು ಅವನ ರೂಪ ಕಡೆಯದೆ ಖಾಲಿ ಆಸನ, ಪಾದದ ಗುರುತು, ಬೋಧಿವೃಕ್ಷಗಳನ್ನಷ್ಟೇ ಕಡೆದು ಕೈಮುಗಿಸಿದರು. ಸಾಂಚಿಯಲ್ಲಿ ಇದನ್ನು ಇಂದಿಗೂ ಕಾಣಬಹುದು.

● ಪ್ರಯಾಣ ಹೊರಟರೆ ಪೂಜೆ ನಿಲ್ಲುವುದೇ? ಅದಕ್ಕೇ ಟಿಬೆಟನ್ನರ ಬಳಿ 'ಗಾವು' ಇದೆ. ಬುದ್ಧನ ಪುಟ್ಟ ವಿಗ್ರಹ, ಮಂತ್ರದ ಸುರುಳಿ ಹಿಡಿಸುವ ಲೋಹದ ಪೆಟ್ಟಿಗೆ ಅದು. ಹೊರಟಾಗ ಕೊರಳಿಗೆ, ಮನೆ ಸೇರಿದ ಮೇಲೆ ಮತ್ತೆ ಪೀಠಕ್ಕೆ.